ಹದಿನೇಳನೆಯ ಗಾಜಿನ ಹೊಸ್ತಿಲು

ವಿಚಿತ್ರ ಅನುಭವವಾಯಿತು ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನಮ್ಮೂರು ಕಗ್ಗದಾಸಪುರದಲ್ಲಿ ಅಂಥವರು ಮನೆಗೊಬ್ಬರಿದ್ದರು. ನಮ್ಮ ದೊಡ್ಡಪ್ಪನಿಗೆ ಕೆರೆ ಏರಿಯ ಮೇಲೆ ಸತ್ತ ಎತ್ತಿನ ಕೊರಳ ಗಂಟೆ ಕೇಳಿಸುತ್ತಿತ್ತಂತೆ. ಎಲ್ಲಿ, ನನಗೂ ಕೇಳಿಸಿ ಎಂದು ನಾನು ಮೂರು ಸಂಜೆ ಅವರ ಬೆನ್ನು ಹತ್ತಿ ಏರಿಯ ಮೇಲೆ ಕೂತೆ. ಕಪ್ಪೆ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅದನ್ನು ಊರಿಗೆಲ್ಲ ಸಾರಿದೆ. ದೊಡ್ಡಪ್ಪ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಅಂಥವನು ನಾನು. ಈಗ ನನ್ನದೇ ಒಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳಿಕೊಳ್ಳುವುದಿಲ್ಲ. ನಂಬಿಸುವ ಕೆಲಸವನ್ನು ಒಮ್ಮೆ ಮಾಡಿ ನನಗೆ ಸಾಕುಸಾಕಾಗಿದೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಈಗ ಶಿವಾಜಿನಗರ ಎನ್ನುವ, ಆಗ ನಾವು ಬ್ಲಾಕ್‌ಪಲ್ಲಿ ಎನ್ನುತ್ತಿದ್ದ ಕಡೆ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಮೊದಲಿಯಾರ್ ಅನ್ನುವವರ ಫೋಟೋ ಸ್ಟುಡಿಯೋ ಇತ್ತು. ನಾನು ಅಲ್ಲಿ ಫೋಟೋಗಳಿಗೆ ಬಣ್ಣ ಹಚ್ಚುವವನು. ಆಗಿನ ಫೋಟೋಗಳೆಲ್ಲ ಕಪ್ಪು ಬಿಳುಪು. ಬಣ್ಣ ಬೇಕು ಅನ್ನುವವರು ಫೋಟೋದ ಜೊತೆ ಒಂದು ಚೀಟಿ ಕೊಡುತ್ತಿದ್ದರು: ಸೀರೆ ಹಸಿರು, ಅಂಚು ಕೆಂಪು, ಕಣ್ಣು ಕಂದು, ಹೀಗೆ. ಆ ಚೀಟಿ ನೋಡಿಕೊಂಡು ನಾನು ಹತ್ತಿಯಿಂದಲೋ ಸಣ್ಣ ಕುಂಚದಿಂದಲೋ ಬಣ್ಣ ತುಂಬುತ್ತಿದ್ದೆ. ಯುದ್ಧದ ಕಾಲದಲ್ಲಿ ಸೋಲ್ಜರುಗಳ ಕೆನ್ನೆಗೆ ಗುಲಾಬಿ ಹಚ್ಚಿ ಹಚ್ಚಿ ನನ್ನ ಕೈ ಪಳಗಿತ್ತು. ಚೀಟಿಯಲ್ಲಿ ಇದ್ದದ್ದಕ್ಕಿಂತ ಒಂದು ಎಳೆ ಹೆಚ್ಚು ಹಚ್ಚಿದವನಲ್ಲ, ಕಡಿಮೆ ಹಚ್ಚಿದವನಲ್ಲ. ಇದು ಜಂಬದ ಮಾತಲ್ಲ. ಮುಂದೆ ಬರುವುದಕ್ಕೆ ಇದು ಬೇಕು ಎಂದು ಹೇಳುತ್ತಿದ್ದೇನೆ.

ಹಲಸೂರು ಕೆರೆಯ ಆಚೆ ದಂಡೆಯಲ್ಲಿ ಒಂದು ಹಳೆಯ ಬಂಗಲೆಯಲ್ಲಿ ಒಬ್ಬ ಫ್ರೆಂಚ್ ಹೆಂಗಸಿದ್ದರು. ಅರವತ್ತು ದಾಟಿತ್ತು. ಗಂಡ ಪಾಂಡಿಚೇರಿಯಲ್ಲಿ ಕೆಲಸದಲ್ಲಿದ್ದು ತೀರಿಕೊಂಡ ಮೇಲೆ ಇಲ್ಲಿಗೆ ಬಂದು, ದಂಡಿನ, ಎಂದರೆ ಕಂಟೋನ್ಮೆಂಟಿನ, ದೊಡ್ಡ ಮನೆಯ ಹುಡುಗಿಯರಿಗೆ ಫ್ರೆಂಚ್ ಮತ್ತು ಪಿಯಾನೋ ಹೇಳಿಕೊಟ್ಟು ಜೀವನ ಮಾಡುತ್ತಿದ್ದರು. ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ತಮಿಳು ಮಾತ್ರ ನಮ್ಮ ಮೊದಲಿಯಾರರಿಗೇ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿ ಬರುತ್ತಿತ್ತು. ನನ್ನ ಜೊತೆ ಅವರು ಆಡಿದ್ದೆಲ್ಲ ತಮಿಳಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಯುದ್ಧ ಮುಗಿದು ಹಡಗುಗಳು ಮತ್ತೆ ಜನರನ್ನು ಹತ್ತಿಸಿಕೊಳ್ಳಲು ಶುರುವಾದಾಗ ದಂಡಿನ ಆರೇಳು ಮಂದಿ ದೊರೆಸಾನಿಯರು ತಮ್ಮೂರಿಗೆ ಹೊರಟರು. ಹೋಗುವ ದಾರಿಯಲ್ಲಿ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಎರಡು ತಿಂಗಳು ರಜೆ ಕಳೆದು, ಅಲ್ಲಿಯ ಹಳೆಯ ಚಂದದ ಊರುಗಳನ್ನೆಲ್ಲ ನೋಡಬೇಕೆಂಬ ಆಸೆ ಅವರಿಗೆ. ನೋಡುವಂಥದ್ದು ಯಾವುದು, ಇಳಿದುಕೊಳ್ಳಲು ಎಲ್ಲಿ ಚೆನ್ನ ಎಂದು ತಿಳಿದವರು ಮೇಡಂ ಒಬ್ಬರೇ. ಅವರು ಜೊತೆಗೆ ಬಂದು ಊರು ತೋರಿಸಬೇಕು, ಅವರ ಹಡಗಿನ ಖರ್ಚು ಇವರದು ಎಂದು ಮಾತಾಯಿತು. ಮೇಡಂ ತಮ್ಮ ಊರು ಬಿಟ್ಟು ಮೂವತ್ತು ವರ್ಷವಾಗಿತ್ತು. ಈ ಹೆಂಗಸರ ಜೊತೆ ಹೋದರೆ ಹೋದರು, ಇಲ್ಲದಿದ್ದರೆ ಮತ್ತೆ ಊರು ಕಾಣುವ ಭಾಗ್ಯ ಅವರಿಗಿರಲಿಲ್ಲ. ಇದನ್ನು ಅವರೇ ಮೊದಲಿಯಾರರಿಗೆ ಹೇಳಿದ್ದರು.

ಹೊರಡುವ ಮೊದಲು ಯಾವ ಯಾವ ಊರಿಗೆ ಹೋಗುವುದೆಂದು ಎಲ್ಲರೂ ಕೂತು ಆರಿಸಲಿ ಎಂದು ಒಂದು ಲ್ಯಾಂಟರ್ನ್ ಶೋ ಏರ್ಪಾಡಾಯಿತು. ಮೇಡಂ ಹತ್ತಿರ ತಮ್ಮ ಕಾಲದ ಪಿಕ್ಚರ್ ಕಾರ್ಡುಗಳಿದ್ದವು. ಮೊದಲಿಯಾರರು ಅವುಗಳ ಫೋಟೋ ತೆಗೆದು ಅಂಗೈಯಗಲದ ಗಾಜಿನ ಮೇಲೆ ಇಳಿಸಿದರು. ಒಟ್ಟು ಇಪ್ಪತ್ತೆರಡು ಗಾಜು. ಲ್ಯಾಂಟರ್ನಿನಲ್ಲಿಟ್ಟು ದೀಪ ಬಿಟ್ಟರೆ ಅವು ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತವೆ. ಅದಕ್ಕೆ ಬಣ್ಣ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಭೂತಗನ್ನಡಿ ಹಿಡಿದು, ನಾಲ್ಕು ಕೂದಲಿನ ಕುಂಚದಲ್ಲಿ ಮಾಡುವ ಕೆಲಸ. ಗಾಜಿನ ಮೇಲೆ ಎಳ್ಳುಕಾಳಿನಷ್ಟಿರುವ ಕಿಟಕಿ ಪರದೆಯ ಮೇಲೆ ನಿಜವಾದ ಕಿಟಕಿಯಷ್ಟೇ ಆಗುತ್ತದೆ.

ಆ ಊರುಗಳ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ನಾನೇ ಹೆಸರಿಟ್ಟುಕೊಂಡೆ. ಒಂದು ಕೋಟೆ ಊರು: ಗುಡ್ಡದ ನೆತ್ತಿಯ ಮೇಲೆ ಸುತ್ತ ಗೋಡೆ ಕಟ್ಟಿಕೊಂಡು ಕೂತದ್ದು. ಒಂದು ಸೇತುವೆ ಊರು: ಅದರಲ್ಲಿ ಸೇತುವೆಯ ಮೇಲೇ ಮನೆಗಳಿದ್ದವು. ಸಂತೆ ಊರಿನಲ್ಲಿ ಅಂಗಡಿ ಸಾಲಿನ ಮುಂದೆ ಉದ್ದಕ್ಕೂ ಕಲ್ಲಿನ ಕಮಾನು. ದ್ರಾಕ್ಷಿ ಊರಿನ ದ್ರಾಕ್ಷಿ ಮಾತ್ರ ನಮ್ಮದರಂತೆ ಚಪ್ಪರದ ಮೇಲಿರದೆ ಗಿಡದಂತೆ ನೆಲದಲ್ಲೇ ಇತ್ತು. ಪ್ರತಿಯೊಂದಕ್ಕೂ ಮೇಡಂ ಮುತ್ತಿನಂಥ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಚೀಟಿ ಬರೆದಿದ್ದರು. ಹೆಂಚು ಯಾವ ಬಣ್ಣ, ಕಿಟಕಿಯ ಬಾಗಿಲು ಯಾವ ಬಣ್ಣ, ಸಂಜೆಯ ಹೊತ್ತಿಗೆ ಕಲ್ಲು ಹೇಗೆ ಕಾಣುತ್ತದೆ ಎಂದು ಕೂಡ. ನಿಜ ಹೇಳಬೇಕೆಂದರೆ ಆ ಹದಿನೈದು ದಿನ ನಾನು ಆ ಊರುಗಳಲ್ಲೇ ಓಡಾಡಿಕೊಂಡಿದ್ದೆ.

ಹದಿನೇಳನೆಯದು ಒಂದು ಚಿಕ್ಕ ಊರು. ಕೋಟೆಯಿಲ್ಲ, ಸೇತುವೆಯಿಲ್ಲ. ಏರುಮುಖವಾಗಿ ಹೋಗುವ ಒಂದು ಓಣಿ, ಐದು ಮನೆ, ತುದಿಯಲ್ಲಿ ಚರ್ಚಿನ ಗೋಪುರ. ಇದರಲ್ಲಿ ನೋಡುವುದು ಏನಿದೆ ಎಂದು ಮೊದಲಿಯಾರರು ಕೇಳಿದ್ದಕ್ಕೆ ಮೇಡಂ, "ಅದು ನನ್ನೂರು. ಅಲ್ಲೇನೂ ಇಲ್ಲ. ಅರ್ಧ ಗಂಟೆ ನಿಂತು, ರೊಟ್ಟಿ ತಿಂದು ಮುಂದಕ್ಕೆ ಹೋಗಬಹುದು" ಎಂದರಂತೆ. ಚೀಟಿಯೂ ಚಿಕ್ಕದೇ: ಗೋಡೆ ಸುಣ್ಣದ ಬಿಳುಪು, ಕಿಟಕಿ ನೀಲಿ, ಬಾಗಿಲು ಕಂದು, ಹೊಸ್ತಿಲ ಕಲ್ಲು ಬೂದು.

ಅದನ್ನು ಹಚ್ಚಿದ್ದು ಒಂದು ಶುಕ್ರವಾರ ಮಧ್ಯಾಹ್ನ. ಕಿಟಕಿಗೆ ನೀಲಿ ಹಚ್ಚಿದ್ದು ನೆನಪಿದೆ. ಬಾಗಿಲಿಗೆ ಕಂದು ಸ್ವಲ್ಪ ಗಾಢವಾಯಿತೆಂದು ಹತ್ತಿಯಲ್ಲಿ ಒತ್ತಿ ತೆಗೆದದ್ದೂ ನೆನಪಿದೆ. ಮೂರು ಗಂಟೆಗೆ ಟೀ ಬಂತು. ಕುಡಿದೆ. ಕುಂಚ ತೊಳೆದಿಟ್ಟೆ. ಹೊಸ್ತಿಲು ಹಚ್ಚಿದ್ದು ನೆನಪಿಲ್ಲ. ಆಗ ಅದೇನೂ ವಿಶೇಷ ಅನ್ನಿಸಲಿಲ್ಲ. ಇಪ್ಪತ್ತೆರಡು ಗಾಜಿನಲ್ಲಿ ನೂರೆಂಟು ಹೊಸ್ತಿಲಿದ್ದವು.

ಶೋ ನಡೆದದ್ದು ಒಂದು ಸಂಜೆ, ದಂಡಿನ ಒಂದು ಹಾಲಿನಲ್ಲಿ. ಮೊದಲಿಯಾರರು ಲ್ಯಾಂಟರ್ನ್ ನಡೆಸಿದರು, ನಾನು ಪಕ್ಕದಲ್ಲಿ ನಿಂತು ಒಂದೊಂದೇ ಗಾಜು ಕೊಡುತ್ತಿದ್ದೆ. ಮುಂದೆ ಕುರ್ಚಿಯಲ್ಲಿ ದೊರೆಸಾನಿಯರು. ಹಿಂದೆ ಬಾಗಿಲ ಹತ್ತಿರ ಮಕ್ಕಳನ್ನು ಕರೆತಂದ ಮೂರು ನಾಲ್ಕು ತಮಿಳು ಆಯಾಗಳು ನೆಲದ ಮೇಲೆ ಕೂತಿದ್ದರು. ಮೇಡಂ ಪರದೆಯ ಪಕ್ಕ ನಿಂತು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಕೋಟೆ ಊರಿಗೆ ಚಪ್ಪಾಳೆ ಬಿತ್ತು. ಸೇತುವೆ ಊರಿಗೆ ಎಲ್ಲರೂ ಒಟ್ಟಿಗೇ ಉಸಿರೆಳೆದುಕೊಂಡರು. ನನ್ನ ಬಣ್ಣ ಅಷ್ಟೆತ್ತರಕ್ಕೆ ಬೆಳೆದು ನಿಂತದ್ದನ್ನು ನೋಡಿ ನನಗೂ ಖುಷಿಯಾಗಿತ್ತು. ಹದಿನೇಳನೆಯ ಗಾಜು ಕೊಟ್ಟೆ.

ಪರದೆಯ ಮೇಲೆ ಓಣಿ ಬಂತು. ನೀಲಿ ಕಿಟಕಿ, ಕಂದು ಬಾಗಿಲು ಸರಿಯಾಗಿದ್ದವು. ಎರಡನೆಯ ಮನೆಯ ಹೊಸ್ತಿಲಿಗೆ ಹಳದಿ ಬಳಿದಿತ್ತು. ಅದರ ಮೇಲೆ ಕುಂಕುಮದ ಬೊಟ್ಟಿನಂಥ ಐದು ಕೆಂಪು ಚುಕ್ಕೆಗಳಿದ್ದವು.

ಹಿಂದಿನಿಂದ ಒಬ್ಬ ಆಯಾ, "ಅಡಿಯೇ, ನಮ್ಮ ವೀಟು ವಾಸಲ್ ಮಾದಿರಿ ಇರುಕ್ಕುಡೀ" ಎಂದಳು, ನಮ್ಮ ಮನೆ ಬಾಗಿಲ ಹಾಗೇ ಇದೆಯಲ್ಲೇ ಎಂದು. ಮಿಕ್ಕ ಆಯಾಗಳು ಕಿಸಕ್ಕನೆ ನಕ್ಕರು. ಮುಂದಿನ ಸಾಲಿನ ಕರ್ನಲ್ ದೊರೆಸಾನಿ ತಿರುಗಿ ನೋಡಿ, ಮತ್ತೆ ಪರದೆ ನೋಡಿ, ನಿಮ್ಮ ದೇಶದಲ್ಲೂ ಬಾಗಿಲಿಗೆ ಅರಿಸಿನ ಹಚ್ಚುತ್ತಾರೇನು ಮೇಡಂ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹಾಲ್ ತುಂಬಾ ನಗು. ಮೇಡಂ ನಗಲಿಲ್ಲ. ಪರದೆಯ ಬೆಳಕು ಅವರ ಮುಖದ ಮೇಲೆ ಬೀಳುತ್ತಿತ್ತು. "ಮುಂದಿನದು" ಎಂದರು.

ಮಾರನೆಯ ದಿನ ಮೊದಲಿಯಾರರು ಗಾಜನ್ನು ಭೂತಗನ್ನಡಿಯ ಕೆಳಗಿಟ್ಟು ನನ್ನನ್ನು ಕರೆದರು.

"ಇದೇನಯ್ಯಾ ಇದು? ಚೀಟೀಲಿ ಬೂದು ಅಂತ ಬರ್ದಿಲ್ವಾ?"

"ಬರ್ದಿದೆ."

"ಮತ್ತೆ?"

ನಾನು ಚೀಟಿಯನ್ನು ಮತ್ತೊಮ್ಮೆ ತೆಗೆದು ಓದಿದೆ. ಕಾರಣ ಮೊದಲಿಯಾರರಿಗೇ ಹೊಳೆಯಿತು. "ಕೈ ಅಭ್ಯಾಸ ಕಣಯ್ಯಾ. ಶುಕ್ರವಾರ ಹಚ್ಚಿದೀಯ. ಬೆಳಗ್ಗೆ ನಿಮ್ಮಮ್ಮ ಹೊಸ್ಲು ಸಾರ್ಸಿ ಅರಿಸ್ನ ಹಚ್ಚೋದು ನೋಡ್ಕೊಂಡು ಬಂದಿದೀಯ, ಇಲ್ಲಿ ಬಂದು ಹಂಗೇ ಹಚ್ಚಿದೀಯ" ಎಂದರು. ಈ ವಿವರಣೆ ನನಗೆ ಹಿಡಿಸಿತು. ದೊಡ್ಡಪ್ಪನ ಎತ್ತಿನ ಗಂಟೆಯನ್ನು ಗೇಲಿ ಮಾಡಿದವನಿಗೆ ಇದಕ್ಕಿಂತ ಬೇಕೇ. ನಮ್ಮ ಕಡೆ ಹುಟ್ಟಿದವನಿಗೆ ಬರೀ ಹೊಸ್ತಿಲು ಕಂಡರೆ ಕಣ್ಣಿಗೇ ಏನೋ ಕೊರತೆ. ಇಂಥ ತಪ್ಪು ನಮ್ಮಂಥವರೇ ಮಾಡಬೇಕು.

ಆದರೆ ಗಾಜನ್ನು ಮತ್ತೆ ನೋಡಿದಾಗ ಎರಡು ವಿಷಯ ನನ್ನನ್ನು ಕೆರಳಿಸಿದವು. ಒಂದು, ಆ ಹಳದಿ ಅರಿಸಿನದ ಹಳದಿಯಲ್ಲ. ಅರಿಸಿನಕ್ಕೆ ನಾನು ಬಳಸುವ ಬಣ್ಣ ಸೀಸೆಯಲ್ಲಿ ತಯಾರಿದೆ, ಒಡವೆಗೂ ಅದೇ. ಇದು ಮಣ್ಣಿನ ಹಳದಿ. ಮೂರು ಬಣ್ಣ ಕಲಸಿದರೆ ಬರುವಂಥದ್ದು. ಕೈ ಅಭ್ಯಾಸಕ್ಕೆ ಯಾರೂ ಮೂರು ಬಣ್ಣ ಕಲಸುವುದಿಲ್ಲ. ಎರಡು, ಹಳದಿಯೂ ಚುಕ್ಕೆಯೂ ಹೊಸ್ತಿಲಿನ ಎಡ ಅರ್ಧಕ್ಕೆ ಮಾತ್ರ ಇತ್ತು. ಬಲ ಅರ್ಧ ಚೀಟಿಯಲ್ಲಿ ಬರೆದಂತೆ ಬೂದು. ನಮ್ಮಮ್ಮ ಯಾವತ್ತೂ ಹಾಗೆ ಅರ್ಧ ಹೊಸ್ತಿಲು ಹಚ್ಚಿ ಎದ್ದವಳಲ್ಲ. ಮೊದಲಿಯಾರರಿಗೆ ಹೇಳಿದರೆ, "ಅಷ್ಟೊತ್ತಿಗೆ ಟೀ ಬಂದಿರ್ತದೆ ಬಿಡಯ್ಯಾ" ಎಂದರು.

ಅದೇ ದಿನ ಮೇಡಂ ಹೇಳಿಕಳಿಸಿದರು. ಬಂಗಲೆಯ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ, ಅಡುಗೆಯವನನ್ನು ಒಳಗೆ ಕಳಿಸಿ ಬಾಗಿಲು ಹಾಕಿಸಿದರು.

"ನಿನಗೆ ಯಾರು ಹೇಳಿದರು?"

"ಏನನ್ನಮ್ಮಾ?"

"ಏನನ್ನು ಅಂತ ನನ್ನ ಬಾಯಲ್ಲಿ ಹೇಳಿಸಬೇಡ. ಯಾರು ಹೇಳಿದರು?"

ಯಾರೂ ಏನೂ ಹೇಳಿಲ್ಲ, ಕೈತಪ್ಪಿ ಆಯಿತು, ಒಂದು ನಿಮಿಷದಲ್ಲಿ ಅಳಿಸಿ ಬೂದು ಹಚ್ಚಿ ಕೊಡುತ್ತೇನೆ ಎಂದೆ. ಅಳಿಸುವ ಮಾತು ಕೇಳಿದ್ದೇ ಅವರ ಮುಖ ಇನ್ನೂ ಬಿಗಿಯಾಯಿತು. "ನಿನಗೆ ಏನು ಬೇಕು?" ಎಂದು ಕೇಳಿದರು. ಅವರ ಗುಟ್ಟು ಯಾವುದನ್ನೋ ತಿಳಿದುಕೊಂಡು ನಾನು ಏನನ್ನೋ ಕೀಳಲು ಬಂದಿದ್ದೇನೆ ಎಂದು ಅವರ ಎಣಿಕೆ. ನನಗೆ ಮೈ ಉರಿದುಹೋಯಿತು. ಏನೂ ಬೇಡ ಎಂದು ಹೇಳಿ ಸೈಕಲ್ ಹತ್ತಿ ಬಂದುಬಿಟ್ಟೆ.

ಅಲ್ಲಿಂದ ಹತ್ತು ದಿನ ನನ್ನ ಪಾಡು ಯಾರಿಗೂ ಬೇಡ. ಮೇಡಂ ಎರಡು ಸಲ ಕರೆಸಿದರು, ಎರಡು ಸಲವೂ ಅದೇ ಪ್ರಶ್ನೆ. ಏನನ್ನು ಹೇಳಿದರು ಎಂಬುದೇ ಗೊತ್ತಿಲ್ಲದವನು ಯಾರು ಹೇಳಿದರು ಎಂದು ಹೇಗೆ ಹೇಳಲಿ? ಇದನ್ನು ತಿರುಗಿಸಿ ಮುರುಗಿಸಿ ಎಷ್ಟು ಸಲ ಹೇಳಿದರೂ ಅವರಿಗೆ ಅದು ಕಳ್ಳನ ಜಾಣತನದಂತೆ ಕಾಣುತ್ತಿತ್ತು. ಕೊನೆಗೆ ಮೊದಲಿಯಾರರಿಗೂ ಬಿಸಿ ತಟ್ಟಿಸಿದರು. ತಮ್ಮ ಮಾತಿನ ಮೇಲೆ ಸ್ಟುಡಿಯೋಗೆ ಬರುತ್ತಿದ್ದ ಎರಡು ಸ್ಕೂಲುಗಳ ಫೋಟೋ ಕೆಲಸವನ್ನು ಬೇರೆ ಕಡೆ ಕೊಡಿಸುವುದಾಗಿ ಹೇಳಿಬಿಟ್ಟರು. ಮೊದಲಿಯಾರರು ನನ್ನನ್ನು ಹಿಡಿದು ಕೂರಿಸಿಕೊಂಡರು.

"ಯಾರ್ದಾದ್ರೂ ಒಂದು ಹೆಸ್ರು ಹೇಳ್ಬಿಡಯ್ಯಾ. ನಿಂಗೇನು ಹೋಗ್ತದೆ ಗಂಟು?"

"ಯಾರೂ ಹೇಳಿಲ್ವಲ್ಲ ಸಾರ್."

"ನಿಜ ಹೇಳಿ ಹತ್ತು ದಿನ ಆಯ್ತು. ಆಯಮ್ಮ ನಂಬಿದ್ಳಾ? ಇಲ್ವಲ್ಲ. ಸೋಮವಾರದ ಒಳಗೆ ಇದನ್ನ ಮುಗ್ಸು. ಇಲ್ದಿದ್ರೆ ಬೇರೆ ಕಡೆ ಕೆಲ್ಸ ನೋಡ್ಕೊ, ನಾನೇನೂ ಮಾಡಕ್ಕಾಗಲ್ಲ."

ಮನೆಯಲ್ಲಿ ಅಮ್ಮನಿಗೆ ಹೇಳಿದರೆ ಅವಳೂ ಅದನ್ನೇ ಹೇಳಿದಳು. "ಅಷ್ಟು ದೊಡ್ಡೋರು ಕೇಳ್ತಾವ್ರೆ ಅಂದ್ರೆ ಏನೋ ಇರ್ತದೆ ಕಣಪ್ಪ. ಒಂದು ಮಾತು ಹೇಳಿ ಅವ್ರ ಹೊಟ್ಟೆ ತಣ್ಣಗೆ ಮಾಡ್ಬಾರ್ದಾ." ಇಡೀ ಜಗತ್ತು ಸೇರಿ ನನ್ನನ್ನು ಸುಳ್ಳು ಹೇಳು ಎಂದು ಪೀಡಿಸುತ್ತಿತ್ತು. ನಾನು ಹುಟ್ಟಿದಾಗಿನಿಂದ ಇದ್ದದ್ದು ಇದ್ದ ಹಾಗೆ ಹೇಳುವುದನ್ನೇ ಒಂದು ದೊಡ್ಡ ಗುಣ ಎಂದುಕೊಂಡವನು. ಅದೇ ಗುಣದಿಂದ ನನ್ನ ಅನ್ನ ಹೋಗುವ ಹಾಗಿತ್ತು. ಹಲ್ಲು ಕಚ್ಚಿಕೊಂಡು ಭಾನುವಾರ ಬೆಳಗ್ಗೆ ಮೇಡಂ ಬಂಗಲೆಗೆ ಹೋದೆ.

ಹೋಗುವಾಗ ದಾರಿಯುದ್ದಕ್ಕೂ ಯೋಚಿಸಿದ್ದು ಒಂದೇ. ನಾನು ಹೇಳುವ ಹೆಸರಿನಿಂದ ಯಾರ ತಲೆಯೂ ಹೋಗಬಾರದು. ಅಡುಗೆಯವನ ಹೆಸರು ಹೇಳಿದರೆ ಅವನ ಕೆಲಸ ಹೋಗುತ್ತದೆ. ಆಯಾಗಳ ಹೆಸರು ಹೇಳಿದರೆ ಅವರನ್ನು ಹಿಡಿದು ಕೇಳುತ್ತಾರೆ. ಆದ್ದರಿಂದ ಇಲ್ಲದ ಮನುಷ್ಯರೊಬ್ಬರನ್ನು ಹುಟ್ಟಿಸಬೇಕು, ಹುಡುಕಿದರೂ ಸಿಗದಂಥವರನ್ನು.

"ಹಲಸೂರು ಬಜಾರಿನಲ್ಲಿ ಹೂವಿನ ಸಾಲಿನ ಹತ್ತಿರ ಒಬ್ಬ ಮುದುಕಿ ಹೇಳಿದಳಮ್ಮಾ" ಎಂದೆ.

ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. ಹತ್ತು ದಿನದಲ್ಲಿ ಮೊದಲ ಸಲ ನನ್ನ ಮಾತನ್ನು ನಂಬಿದವರ ಹಾಗೆ ನೋಡಿದರು. ಆ ನೋಟಕ್ಕೇ ನನಗೆ ರೇಗಿತು. ನಿಜಕ್ಕೆ ಸಿಗದ ಮರ್ಯಾದೆ ಸುಳ್ಳಿಗೆ ಬಾಯಿ ಬಿಟ್ಟ ಕೂಡಲೇ ಸಿಕ್ಕಿತ್ತು.

"ಹೇಗಿದ್ದಳು?"

ಬಾಯಿಗೆ ಬಂದದ್ದನ್ನು ಹೇಳಿದೆ. ಗಿಡ್ಡ ಹೆಂಗಸು. ಕಿವಿ ತೂಗುಬಿದ್ದು ಹೆಗಲು ಮುಟ್ಟುವ ಹಾಗಿತ್ತು, ಕಿವಿಯಲ್ಲಿ ಓಲೆ ಇರಲಿಲ್ಲ. ಬಲಗಾಲು ಮಡಿಸಲಾಗದೆ ಎಡಕ್ಕೆ ವಾಲಿಕೊಂಡು ಕೂರುತ್ತಿದ್ದಳು. ಇಷ್ಟು ಹೇಳಿ ನನಗೇ ಭಯವಾಯಿತು. ಹಲಸೂರಿನಲ್ಲಿ ಇಂಥ ಮುದುಕಿಯರು ಹತ್ತು ಜನ ಸಿಗುತ್ತಾರೆ, ಮೇಡಂ ಅಡುಗೆಯವನನ್ನು ಕಳಿಸಿ ಯಾರೋ ಪಾಪದವಳನ್ನು ಎಳೆದುಕೊಂಡು ಬಂದರೆ? ಯಾರಿಗೂ ಹೊಂದಿಕೆಯಾಗದ ಹಾಗೆ ಒಂದನ್ನು ಸೇರಿಸಿದೆ. "ಸೀರೆಯ ಮೇಲೆ ಗಂಡಸರ ಕರಿ ಕೋಟು ಹಾಕಿಕೊಂಡಿದ್ದಳಮ್ಮಾ, ಮಂಡಿಯವರೆಗೂ ಬರುವಂಥದ್ದು" ಎಂದೆ.

ಮೇಡಂ ಎದ್ದು ನಿಂತರು. ಮತ್ತೆ ಕೂತರು. ಬಿಸಿಲು ವರಾಂಡದ ಅರ್ಧಕ್ಕೆ ಬಂದಿತ್ತು, ಕೆರೆಯ ಕಡೆಯಿಂದ ಅಗಸರು ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಇದನ್ನೇಕೆ ಹೇಳುತ್ತೇನೆಂದರೆ ಭಯಪಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆದರೂ ನಾನು ಮೆಟ್ಟಿಲ ಕಡೆಗೆ ಒಂದು ಹೆಜ್ಜೆ ಸರಿದಿದ್ದೆ. ಆಮೇಲೆ ಅವರು ಮೆಲ್ಲಗೆ, ಅಡಿಗೆಮನೆಗೆ ಕೇಳಿಸದ ಹಾಗೆ ಹೇಳಿದ್ದು ಇಷ್ಟು.

ಅವರ ತಾತ ಪಾಂಡಿಚೇರಿಯಲ್ಲಿ ಅಧಿಕಾರಿಯಾಗಿದ್ದು ಊರಿಗೆ ಹಿಂತಿರುಗುವಾಗ ಒಬ್ಬ ತಮಿಳು ಹೆಂಗಸನ್ನು ಕರೆದುಕೊಂಡು ಹೋಗಿದ್ದರು. ಊರವರಿಗೆಲ್ಲ ಆಯಾ ಎಂದು ಹೇಳಿದರು. ಮನೆಯಲ್ಲೂ ಆಯಾ ಎಂದೇ ಕರೆದರು. ಅವಳು ಆಯಾ ಅಲ್ಲ, ಮೇಡಂ ತಂದೆಯ ಹೆತ್ತ ತಾಯಿ. ಮೇಡಂಗೆ ತಮಿಳು ಬಂದದ್ದು ಪಾಂಡಿಚೇರಿಯಲ್ಲಲ್ಲ, ಅವಳ ತೊಡೆಯ ಮೇಲೆ. ಚಳಿಗೆ ಅವಳು ಸೀರೆಯ ಮೇಲೆ ತಾತನ ಹಳೆಯ ಕರಿ ಕೋಟು ಹಾಕಿಕೊಳ್ಳುತ್ತಿದ್ದಳು. ಶುಕ್ರವಾರ ಬಂದರೆ ಹೊಸ್ತಿಲಿಗೆ ಹಳದಿ ಹಚ್ಚಲೇಬೇಕು. ಅರಿಸಿನ ಸಿಗದ ದೇಶ. ಊರ ಹಿಂದಿನ ಗುಡ್ಡದಲ್ಲಿ ಹಳದಿ ಮಣ್ಣು ಇತ್ತು, ಅದನ್ನು ತಂದು ಕಲಸುತ್ತಿದ್ದಳು. ಬೊಟ್ಟಿಗೆ ಇಟ್ಟಿಗೆಯ ಪುಡಿ. ವಯಸ್ಸಾದ ಮೇಲೆ ಬಲಗಾಲು ಮಡಿಸಲಾಗುತ್ತಿರಲಿಲ್ಲ. ಎಡಗಡೆ ಕೈಗೆ ಎಟುಕಿದಷ್ಟು ಹಚ್ಚಿ ಏಳುತ್ತಿದ್ದಳು.

"ಮನೆಗೆ ಯಾರಾದರೂ ಬರುತ್ತಾರೆಂದರೆ ಅಪ್ಪ ನನ್ನ ಕೈಗೆ ಬಕೆಟ್ಟು ಕೊಡುತ್ತಿದ್ದರು" ಎಂದರು ಮೇಡಂ. "ಹೊಸ್ತಿಲು ತೊಳೆಯುತ್ತಿದ್ದವಳು ನಾನು. ಅವಳು ಒಳಗಿನಿಂದ ನೋಡುತ್ತಾ ನಿಂತಿರುತ್ತಿದ್ದಳು. ಆ ಕಾರ್ಡಿನಲ್ಲಿರುವ ಎರಡನೆಯ ಮನೆ ನಮ್ಮದು. ಅದರ ಫೋಟೋ ತೆಗೆಯಲು ಬಂದ ದಿನವೂ ನಾನೇ ತೊಳೆದೆ. ಅವಳು ಸಾಯುವಾಗಲೂ ಅವಳನ್ನು ಆಯಾ ಎಂದೇ ಕರೆದೆ, ಪಾದ್ರಿ ಪಕ್ಕದಲ್ಲಿದ್ದರಲ್ಲ."

ಇದು ದಂಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಆ ದೊರೆಸಾನಿಯರು ಹಡಗಿಗಿರಲಿ, ಟೀಗೂ ಕರೆಯುವುದಿಲ್ಲ ಎಂದರು. ಆ ಮಾತು ಸುಳ್ಳಲ್ಲ, ಆ ಕಾಲ ಕಂಡವರಿಗೆ ಗೊತ್ತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರು ತೀರಿಹೋಗಿರಬಹುದಾದಷ್ಟು ವರ್ಷ ಕಳೆಯುವವರೆಗೆ ಅದನ್ನು ಉಳಿಸಿಕೊಂಡಿದ್ದೇನೆ.

ಈಗ ನನ್ನ ಸ್ಥಿತಿ ನೋಡಿ. ನಾನು ಹುಟ್ಟಿಸಿದ ಮುದುಕಿ ಅವರ ಅಜ್ಜಿಯಾಗಿಬಿಟ್ಟಿದ್ದಳು. ಕಿವಿ ತೂಗುಬಿದ್ದ ತಮಿಳು ಮುದುಕಿಯರು ಎಲ್ಲೆಲ್ಲೂ ಇದ್ದಾರೆ. ಹೊಸ್ತಿಲು ಎಡಕ್ಕೆ ಮಾತ್ರ ಹಚ್ಚಿದ್ದನ್ನು ನೋಡಿ ನೋಡಿ ಬಲಗಾಲು ಮಡಿಸಲಾಗದವಳು ಎಂದು ನನ್ನ ತಲೆಗೇ ಹೊಳೆದಿರಬಹುದು. ಯುದ್ಧದ ನಂತರ ಮಿಲಿಟರಿ ಕೋಟು ಹಾಕಿಕೊಂಡು ತರಕಾರಿ ಮಾರುವ ಹೆಂಗಸರನ್ನೂ ಕಂಡಿದ್ದೆ. ಆದರೆ ಅವೆಲ್ಲ ಖಾಕಿ. ನಾನು ಕರಿ ಎಂದು ಯಾಕೆ ಹೇಳಿದೆ? ಈ ಲೆಕ್ಕವನ್ನೆಲ್ಲ ಆಮೇಲೆ ಸಾವಿರ ಸಲ ಹಾಕಿದ್ದೇನೆ. ಆ ಹೊತ್ತಿಗೆ ಹೊಳೆದದ್ದು ಒಂದೇ, ಈಕೆಗೆ ಸುಳ್ಳು ಹೇಳಿ ಹೋಗಬಾರದು ಎಂದು.

"ತಪ್ಪಾಯಿತಮ್ಮಾ. ಅಂಥ ಮುದುಕಿ ಯಾರೂ ಇಲ್ಲ. ನೀವು ಬಿಡಲಿಲ್ಲ, ಮೊದಲಿಯಾರರು ಬಿಡಲಿಲ್ಲ, ಅದಕ್ಕೆ ನಾನೇ ಕಟ್ಟಿ ಹೇಳಿದೆ" ಎಂದೆ. ಕಣ್ಣಲ್ಲಿ ನೀರೂ ಬಂದಿತ್ತು, ಹೇಳಲು ನಾಚಿಕೆಯಿಲ್ಲ.

ಮೇಡಂ ನನ್ನನ್ನು ಕರುಣೆಯಿಂದ ನೋಡಿದರು. "ನಿನಗೆ ಹೇಳಬೇಡ ಅಂದಿರಬೇಕು ಅವಳು" ಎಂದರು.

ಆಣೆ ಮಾಡಿದೆ. ಕೈ ಮುಗಿದೆ. ಅವರು ಹೌದು ಹೌದು ಎಂದು ತಲೆದೂಗಿದರೇ ಹೊರತು ಒಂದಕ್ಷರ ನಂಬಲಿಲ್ಲ. ಹತ್ತು ದಿನ ನಿಜ ಹೇಳಿದೆ, ಸುಳ್ಳೆಂದರು. ಸುಳ್ಳು ಹೇಳಿದೆ, ನಿಜವೆಂದರು. ಈಗ ಸುಳ್ಳನ್ನು ಸುಳ್ಳು ಎಂದು ಹೇಳಿದರೂ ಅದು ಸುಳ್ಳೆನ್ನುತ್ತಿದ್ದರು. ತಲೆ ಚಚ್ಚಿಕೊಳ್ಳುವಂತಾಯಿತು ನನಗೆ. ಮೆಟ್ಟಿಲಿಳಿದೆ.

"ನಿಲ್ಲು" ಎಂದರು. ತಿರುಗಿ ನೋಡಿದೆ. ಕುರ್ಚಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಅವಳು ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾಳಾ?"

ಆ ಮುಖಕ್ಕೆ ಏನು ಹೇಳುತ್ತೀರಿ ನೀವು? "ಇಲ್ಲಮ್ಮಾ, ಕೋಪ ಇಲ್ಲ" ಎಂದೆ. ಹೇಳಿ ಸೈಕಲ್ ತುಳಿದೆ.

ಮೊದಲಿಯಾರರ ಸ್ಕೂಲು ಕೆಲಸ ಉಳಿಯಿತು, ನನ್ನದೂ ಉಳಿಯಿತು. ಕರ್ನಲ್ ದೊರೆಸಾನಿ ಹೊಸ್ತಿಲಿನ ಮಾತನ್ನು ಸ್ಟುಡಿಯೋದವರ ದಡ್ಡತನ ಎಂದು ಎಲ್ಲರಿಗೂ ಹೇಳಿ ನಗಿಸಿದಳಂತೆ. ಅದು ಹಾಗೇ ಮುಗಿದುಹೋಯಿತು. ಹದಿನೇಳನೆಯ ಗಾಜನ್ನು ಅಳಿಸಬೇಡವೆಂದು ಮೇಡಂ ಹೇಳಿಕಳಿಸಿ ಬೇರೆಯಾಗಿ ತರಿಸಿಕೊಂಡರು. ಹೊರಡುವ ಮುನ್ನ ಊರುಗಳ ಪಟ್ಟಿಯನ್ನು ಮೊದಲಿಯಾರರ ಹತ್ತಿರ ಹತ್ತು ಕಾಪಿ ತೆಗೆಸಿದರು. ಕೋಟೆ ಊರಿಗೆ ಎರಡು ದಿನ, ಸೇತುವೆ ಊರಿಗೆ ಒಂದು ದಿನ. ಅರ್ಧ ಗಂಟೆ ಸಾಕು ಎಂದಿದ್ದ ಊರಿಗೆ ನಾಲ್ಕು ದಿನ ಬರೆದಿದ್ದರು. ಆ ನಾಲ್ಕು ದಿನ ಅವರು ಅಲ್ಲಿ ಏನು ಮಾಡಿದರೋ ನನಗೆ ಗೊತ್ತಾಗಲಿಲ್ಲ. ಅವರು ಮತ್ತೆ ಈ ಕಡೆ ಬರಲಿಲ್ಲ.

ಒಂದು ದಿನ ತಡೆಯಲಾರದೆ ಹಲಸೂರು ಬಜಾರಿಗೆ ಹೋದೆ. ನಾನೇ ಹುಟ್ಟಿಸಿದ ಮುದುಕಿಯನ್ನು ನಾನೇ ಹುಡುಕಿಕೊಂಡು ಹೋಗುವಷ್ಟು ಬುದ್ಧಿ ಕೆಟ್ಟಿತ್ತು. ಹೂವಿನ ಸಾಲಿನ ಕೊನೆಯಲ್ಲಿ ಕನಕಾಂಬರ ಕಟ್ಟುತ್ತಾ ಕೂತಿದ್ದ ಹೆಂಗಸನ್ನು ಕೇಳಿದೆ, ಕರಿ ಕೋಟು ಹಾಕಿಕೊಂಡು ಒಬ್ಬ ಅಜ್ಜಿ ಇಲ್ಲಿ ಕೂರುತ್ತಾಳೆಯೇ ಎಂದು. ನಕ್ಕು ಕಳಿಸುತ್ತಾಳೆ, ನಾನು ಹಗುರಾಗಿ ಮನೆಗೆ ಹೋಗುತ್ತೇನೆ ಎಂದುಕೊಂಡಿದ್ದೆ. ಅವಳು ತಲೆಯೆತ್ತದೆ, ದಾರ ಕಚ್ಚಿ ತುಂಡು ಮಾಡುತ್ತಾ, "ಇವತ್ತು ಬಂದಿಲ್ಲ, ನಾಳೆ ಬಾಪ್ಪ" ಎಂದಳು.

ವ್ಯಾಪಾರದವರು ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಯಾರನ್ನು ಕೇಳಿದೆ ಎಂದು ಅವಳು ಸರಿಯಾಗಿ ಕಿವಿಗೆ ಹಾಕಿಕೊಂಡಿದ್ದಳೋ ಇಲ್ಲವೋ. ಮಾರನೆಯ ದಿನ ಹೋಗಿದ್ದರೆ ಇತ್ಯರ್ಥವಾಗಿಬಿಡುತ್ತಿತ್ತು. ಸ್ಟುಡಿಯೋದಿಂದ ಅಲ್ಲಿಗೆ ಸೈಕಲ್ಲಿನಲ್ಲಿ ಎಷ್ಟು ದೂರ? ನಾನು ಹೋಗಲಿಲ್ಲ. ಆ ಬೀದಿಗೇ ಮತ್ತೆ ಕಾಲಿಡಲಿಲ್ಲ. ಸತ್ಯ ತಿಳಿಯದೆ ಬಿಡುವವನಲ್ಲ ನಾನು ಎಂದುಕೊಂಡಿದ್ದವನು ಯಾಕೆ ಹೋಗಲಿಲ್ಲ ಎಂದು ಇಷ್ಟು ವರ್ಷ ನನ್ನನ್ನೇ ಬೈದುಕೊಂಡಿದ್ದೇನೆ. ಕಾರಣ ನನಗೆ ಗೊತ್ತು. ಅವಳು ನಿಜವಾಗಿಯೂ ಅಲ್ಲಿ ಕೂತಿದ್ದರೆ, ಕೋಪ ಇದೆಯೋ ಇಲ್ಲವೋ ಎಂದು ಅವಳನ್ನು ಕೇಳಬೇಕಾಗುತ್ತಿತ್ತು. ಕೋಪ ಇಲ್ಲ ಎಂದು ನಾನಾಗಲೇ ಹೇಳಿಬಿಟ್ಟಿದ್ದೆ, ಅದನ್ನು ನಂಬಿ ಒಬ್ಬರು ಹಡಗು ಹತ್ತಿದ್ದರು.